ಮಾದರಿ ಬೆನ್ನು

ರಾಜ್ಯದಲ್ಲಿ ಬೆನ್ನಿನ ಬಿಗಿತ ಅಳೆಯುವ ಯಂತ್ರಗಳು ಎಷ್ಟಿವೆಯೋ ಅಷ್ಟೂ ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಬಂದು ನನಗೆ ಶರಣಾಗುತ್ತವೆ. ಸರಕಾರ ನೇಮಿಸಿದ ಮಾದರಿ ಬೆನ್ನು ನನ್ನದು. ನನ್ನ ಮೇಲಿಟ್ಟಾಗ ಮುಳ್ಳು ಸೊನ್ನೆ ತೋರಿಸದಿದ್ದರೆ ತಪ್ಪು ಯಂತ್ರದ್ದೇ. ತಿರುಪು ತಿರುವಿ ಸೊನ್ನೆಗೆ ತರುತ್ತಾರೆ.

ಈ ಸಲ ಬಂದ ಪರೀಕ್ಷಕಿ ಮಾತ್ರ ನನ್ನನ್ನು ಕಳ್ಳನನ್ನು ನೋಡಿದಂತೆ ನೋಡಿದರು.

"ಎಲ್ಲಾ ಯಂತ್ರಾನೂ ಒಮ್ಮೆಲೇ ಹೆಂಗ ಕೆಡ್ತಾವ್ರಿ ಕಲ್ಲಪ್ಪನವರ? ಮುದುಕರ ಬೆನ್ನೂ ಹುಡುಗರ ಬೆನ್ನಂತ ತೋರಸಾಕತ್ತಾವ. ಕೆಟ್ಟಿದ್ದು ನಿಮ್ಮ ಬೆನ್ನಾದ್ರ ನೌಕರಿ ಹೋಗ್ತೈತಿ ನೋಡ್ರಿ."

"ನಂದು ಬಿಲ್ಲಿನಂಗ ಬಾಗ್ತೈತ್ರಿ ಬಾಯಾರ. ನೋಡಿದ ಪೈಲ್ವಾನರು ಅತ್ತಾರ."

ಅವರು ಬೇಕೆಂದೇ ಪೆನ್ನು ಬೀಳಿಸಿದರು. "ಎತ್ತಿಕೊಡ್ರಿ."

ನಾನು ಪೆನ್ನನ್ನು ನೋಡಿದೆ. ಅದೂ ನನ್ನನ್ನು ಅನುಮಾನದಿಂದಲೇ ನೋಡಿತು.

"ಬಾಯಾರ, ಈ ವರ್ಷ ನೆಲ ಭಾಳ ಕೆಳಗ ಹೋಗೈತ್ರಿ. ಅದನ್ನೂ ಒಂದೀಟು ತಿರುವಿ ಸರಿಮಾಡ್ರಿ."