ಆರು ಅಡಿಗೊಂದು ಗಂಟು

ಮಲಿಕಾ ಟೋಪಿ ಹಾಕಿದ್ದಳು. ಬೇರೆ ಯಾರಾದರೂ ಆಗಿದ್ದರೆ ರೋಹಿಣಿ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದಳೇನೋ. ಮಲಿಕಾ ಎಂಬುದಕ್ಕೇ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ಹಿನ್ನೀರಿನ ನಡುವೆ ಹಾಯಿ ಇಳಿಸಿ, ಲಂಗರು ಹಾಕಿ, ರೋಹಿಣಿ ಇನ್ನೊಮ್ಮೆ ಹಗ್ಗ ಇಳಿಬಿಟ್ಟಳು. ತುದಿಯ ಕಲ್ಲು ತಳ ಮುಟ್ಟಿತು. ನಾಲ್ಕು ಗಂಟು ನೀರೊಳಗೆ. ಆರು ಅಡಿಗೊಂದು ಗಂಟು, ಅಂದರೆ ಇಪ್ಪತ್ನಾಲ್ಕು ಅಡಿ. ಪಕ್ಕದಲ್ಲಿ ಹೊಸ ಆಳಮಾಪಕ ಇಪ್ಪತ್ತು ಎಂದು ತೋರಿಸುತ್ತ ಕೂತಿತ್ತು, ಒಂದಿಷ್ಟೂ ನಾಚಿಕೆಯಿಲ್ಲದೆ.

ಇಬ್ಬರೂ ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ನೌಕಾದಳದಲ್ಲಿ ಹಾಯಿ ಕಟ್ಟಲು ಕಲಿತವರು. ಈಗ ರೋಹಿಣಿ ವಿದ್ಯಾಗಿರಿಯಲ್ಲಿ ಇತಿಹಾಸ ಪಾಠ ಮಾಡುತ್ತಾಳೆ, ಮಲಿಕಾ ನವನಗರದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ನಡೆಸುತ್ತಾಳೆ. ತಲೆ ನರೆಯುವ ಹೊತ್ತಿಗೆ ಹಳೆಯ ಹುಚ್ಚು ಕೆರಳಿ, ಇಬ್ಬರೂ ಕೂಡಿ ಪುಟ್ಟ ಹಾಯಿದೋಣಿಯೊಂದನ್ನು ಕೊಂಡಿದ್ದರು. ಊರ ಜನ ಕೈತಟ್ಟಿ ನಕ್ಕಿದ್ದರು. ನಗಲಿ ಬಿಡಿ.

ಆಳ ನೋಡುವ ಹಗ್ಗ ರೋಹಿಣಿಯ ತವರಿನದು. ದೋಣಿ ಕೊಂಡ ವರ್ಷ ಪಂಚಮಿಗೆ ಹುನಗುಂದಕ್ಕೆ ಹೋದಾಗ ಅಟ್ಟದ ಮೇಲೆ ಸಿಕ್ಕಿತ್ತು. "ಆ ಹಳೇ ಹಗ್ಗ ಯಾಕ ಒಯ್ತಿ? ಹೊಸಾದು ಕೊಡಸ್ತೇನಿ ತಗೋ," ಎಂದು ಅಣ್ಣ ವಿಜಯಮಹಾಂತೇಶ ಕೈಯಿಂದ ಕಸಿಯಲು ನೋಡಿದ್ದ. ತಂಗಿಗೆ ಹಳೆಯದನ್ನು ಕೊಡಲು ಅವನಿಗೆ ಸಂಕೋಚ. ಅವಳೇ ನಕ್ಕು ಚೀಲಕ್ಕೆ ತುರುಕಿಕೊಂಡಿದ್ದಳು.

ಹಿನ್ನೀರಿನಡಿಯಲ್ಲಿ ಹಳೆಯ ಊರಿನ ಗೋಡೆಗಳಿವೆ. ಹೋದ ಸಲ ನೀರು ಇಳಿದಾಗ, ಹಗ್ಗ ಹಾಕಿ ಸಾಕಷ್ಟು ಆಳವಿದೆ ಎಂದುಕೊಂಡ ಜಾಗದಲ್ಲೇ ದೋಣಿಯ ಅಡಿಹಲಗೆ ಗೋಡೆಗೆ ಬಡಿದು ಸೀಳಿತ್ತು. ಗಾಳಿ ದೋಣಿಯನ್ನು ಸರಿಸಿರಬೇಕು ಎಂದಳು ರೋಹಿಣಿ. ಯಂತ್ರ ಬೇಕೇ ಬೇಕು ಎಂದಳು ಮಲಿಕಾ.

ಆರಿಸುವಾಗಲೂ ಅವಳದೇ ಕಾರುಬಾರು. ನೀರಡಿಯ ಮೀನೂ ಕಾಣುವ ಬಣ್ಣದ ಪರದೆಯದು ದುಬಾರಿ. "ಮೀನಿನ ಫೋಟೋ ತಗೊಂಡು ಏನ್ ಮಾಡ್ತೀಬೇ?" ಚೆಂಡಿನಂತೆ ನೀರಿಗೆಸೆದು ಮೊಬೈಲಿನಲ್ಲಿ ನೋಡುವುದು ಅಗ್ಗ, ಆದರೆ ನಮ್ಮ ಬಿಸಿಲಿನಲ್ಲಿ ಮೊಬೈಲು ಕಾಣಬೇಕಲ್ಲ. ಕೈಯಲ್ಲಿ ಹಿಡಿಯುವುದಕ್ಕೆ ಮೂರನೆಯ ಕೈ ಬೇಕು. ಚುಕ್ಕಾಣಿಗೊಂದು, ಹಾಯಿಗೊಂದು ಆಗಲೇ ಹೋಗಿರುತ್ತದೆ. ಕೊನೆಗೆ ಬರೀ ಅಂಕಿ ತೋರಿಸುವ ಈ ಪುಟಾಣಿ ಯಂತ್ರ ಗೆದ್ದಿತು. ದೋಣಿಗೆ ತೂತು ಕೊರೆಯುವುದು ಬೇಡ, ಒಳಗಡೆಯೇ ಅಂಟಿಸಿದರಾಯಿತು. "ಭರವಸೆ ನಂದು," ಎಂದಿದ್ದಳು ಮಲಿಕಾ. ಡಬ್ಬಿಯ ಸೀಲು ಮೊದಲೇ ಒಡೆದಿತ್ತು. ಆಗಲೇ ಎಚ್ಚರಾಗಬೇಕಿತ್ತು.

ದಂಡೆಯ ಹತ್ತಿರ ಒಂದು ಅಡಿಯ ವ್ಯತ್ಯಾಸ. ಒಳಗೆ ಹೋದಂತೆಲ್ಲ ಎರಡು, ಮೂರು, ನಾಲ್ಕು. ಆಳ ಹೆಚ್ಚಿದಷ್ಟೂ ಸುಳ್ಳು ಹೆಚ್ಚು.

ಇಂಥ ಹೊತ್ತಿನಲ್ಲಿ ರೋಹಿಣಿಗೆ ಅಣ್ಣನೇ ನೆನಪಾಗುವುದು. ಮಂದಿಯ ಅಣ್ಣಂದಿರು ಪಂಚಮಿಗೆ ಕರೆದು, ಸೀರೆ ಕೊಟ್ಟು, ಊಟದ ಬೆನ್ನಿಗೇ ಹಕ್ಕುಬಿಟ್ಟ ಪತ್ರಕ್ಕೆ ಸಹಿ ಕೇಳುತ್ತಾರೆ. ಇವನು ಅಪ್ಪ ತೀರಿಕೊಂಡ ವರ್ಷವೇ ಹೊಲದಲ್ಲಿ ಅವಳ ಅರ್ಧ ಪಾಲನ್ನು ತಾನಾಗಿ ಅಳೆದು ಕಲ್ಲು ನೆಟ್ಟಿದ್ದ. ಸರ್ವೇದವರು ಯಾಕೆ, ನಮ್ಮ ನಮ್ಮಲ್ಲಿ? "ಮೊದಲ ನಿನ್ನ ಪಾಲು ಅಳೀತೇನಿ ತಂಗೆವ್ವಾ. ಉಳದದ್ದು ನನಗ. ಹೆಚ್ಚು-ಕಮ್ಮಿ ಆದ್ರ ನನ್ನ ಕಡೇನ ಆಗ್ಲಿ." ಬದುವಿನ ಮೇಲೆ ನಿಂತು ರೋಹಿಣಿ ಅತ್ತಿದ್ದಳು. ಅವಳ ಹೊಲದಲ್ಲಿ ಕಡಲೆ ಪ್ರತಿವರ್ಷ ತುಸು ಕಡಿಮೆಯೇ ಬರುತ್ತದೆ. "ಆ ಕಡೆ ಮಣ್ಣ ಹಂಗ ಐತಿ," ಎಂದು ಪಾಪ, ಅಣ್ಣನೇ ಪೇಚಾಡುತ್ತಾನೆ.

ಒಡಹುಟ್ಟಿದವರು ಒಡಹುಟ್ಟಿದವರೇ. ಅವಳು ಯಂತ್ರವನ್ನು ಬಿಚ್ಚಿದಳು, ಹಗ್ಗವನ್ನು ಸಾಕ್ಷಿಗೆಂದು ಚೀಲಕ್ಕೆ ಹಾಕಿಕೊಂಡಳು, ಲಂಗರು ಎತ್ತಿ ದಂಡೆಗೆ ಬಂದು ನೇರ ಮಲಿಕಾಳ ಅಂಗಡಿಗೆ ನಡೆದಳು.

"ತಗೋ ನಿನ್ನ ಮಾಲು. ಕೆಟ್ಟದ್ದು ಅಂತ ಗೊತ್ತಿದ್ದೂ ನನಗ ಕಟ್ಟಿದಿ."

ಮಲಿಕಾ ಮೊದಲು ನಕ್ಕಳು. ಆಮೇಲೆ ಗೆಳತಿಯ ಮುಖ ನೋಡಿ ನಗು ನಿಲ್ಲಿಸಿದಳು. "ಡಬ್ಬಿ ಒಡದು ನಾನ ಟೆಸ್ಟ್ ಮಾಡೇನಿ. ಇಷ್ಟ್ ವರ್ಷದ ಮ್ಯಾಲ ನನಗ ಕಳ್ಳಿ ಅಂತಿಯೇನ್ ರೋಹಿಣಿ?"

"ಅಂತೇನಿ."

ಮಲಿಕಾಳ ಕಣ್ಣು ತುಂಬಿತು. ಅವಳು ಒರೆಸಿಕೊಳ್ಳಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಿಂದ ಅಳತೆಯ ಟೇಪು ತೆಗೆದಳು. "ಆ ಹಗ್ಗ ಯಾವತ್ತಾದ್ರೂ ಅಳದಿಯೇನು?"

"ನಮ್ಮಣ್ಣ ಕಟ್ಟಿದ ಗಂಟು ಅವು. ಅಂವ ನಿನ್ನಂಗ ವ್ಯಾಪಾರಸ್ಥ ಅಲ್ಲ."

ಮಲಿಕಾ ಅವಳ ಚೀಲದಿಂದ ಹಗ್ಗವನ್ನು ಹೊರತೆಗೆದಳು. ಅಂಗಡಿಯ ನೆಲದ ಮೇಲೆ ಹಗ್ಗವನ್ನು ಬಿಗಿಯಾಗಿ ಎಳೆದು ಟೇಪು ಹಿಡಿದಳು. ಗಂಟಿನಿಂದ ಗಂಟಿಗೆ ಐದು ಅಡಿ. ಮುಂದಿನದೂ ಐದು. ಅದರ ಮುಂದಿನದೂ.

"ಗಂಟಿಗೆ ಹಗ್ಗ ಹೋಗತೈತಿ, ಖರೆ. ಒಂದಡಿ ಹೋಗಂಗಿಲ್ಲ," ಎಂದಳು ಮೆಲ್ಲಗೆ. "ನೈಲಾನ್ ಇಷ್ಟ್ ಕುಗ್ಗಂಗೂ ಇಲ್ಲ. ಎಲ್ಲಾ ಗಂಟೂ ಒಂದೇ ಸಮ ಅದಾವ ನೋಡು. ಕೈತಪ್ಪಿ ಕಟ್ಟಿದ್ದಲ್ಲ ಇದು."

ರೋಹಿಣಿ ಸ್ಟೂಲಿನ ಮೇಲೆ ಕೂತಳು. ಹಲಗೆ ಸೀಳಿದ ಸದ್ದು ಕಿವಿಯಲ್ಲಿ ಮತ್ತೆ ಕೇಳಿದಂತಾಯಿತು.

ಮಲಿಕಾಗೆ ಆಗಲೇ ಸಿಟ್ಟು ಇಳಿದಿತ್ತು. ಬಗ್ಗಿ ಹಗ್ಗವನ್ನು ಸುತ್ತತೊಡಗಿದಳು. "ಹೋಗ್ಲಿ ಬಿಡಬೇ. ಒಂದು ಹಳೇ ಹಗ್ಗಕ್ಕ ಇಷ್ಟ್ಯಾಕ? ಕಸಕ್ಕ ಒಗದ್ರಾತು."

"ಒಗೀಬ್ಯಾಡ," ಎಂದು ರೋಹಿಣಿ ಅದನ್ನು ಎಳೆದುಕೊಂಡು ಎದೆಗವಚಿಕೊಂಡಳು.

ಹುನಗುಂದದ ಹೊಲದಲ್ಲಿ ಅಣ್ಣ ಅವಳ ಪಾಲನ್ನು ಅಳೆದುಕೊಟ್ಟದ್ದು ಈ ಹಗ್ಗದಿಂದಲೇ.