ಹನ್ನೊಂದನೆಯ ಮನೆ

"ಓದು, ಸ್ವರ್ಣಲತಾ," ಎಂದರು ಸ್ತೆಫಾನ್. ಆಪರೇಷನ್ ಆಗಿ ಆ ಪೋಲಿಷ್ ಸರ್ವೇಯರರ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಕೊಲ್ಲಿ ದೇಶದ ರೂವಿಯ ಆಫೀಸಿನಲ್ಲಿ ಟೈಪಿಸ್ಟಾಗಿದ್ದ ಸ್ವರ್ಣಲತಾ ಕಾಗದ ಬಿಡಿಸಿದಳು. ೧೯೫೧ರಲ್ಲಿ ಗಡಿ ಸರಿದು ಸ್ತೆಫಾನರ ಹಳ್ಳಿ ಆಚೆ ದೇಶದ ಪಾಲಾದಾಗ ಊರವರನ್ನೆಲ್ಲ ರೈಲು ಹತ್ತಿಸಿದ್ದರು. ನಲವತ್ತು ವರ್ಷಗಳ ಮೇಲೆ, ಅಪ್ಪನ ಸಮಾಧಿ ನೋಡಲು ಅನುಮತಿ ಕೇಳಿದ್ದಕ್ಕೆ ಬಂದ ಉತ್ತರವದು.

"ಅಂಥ ಹಳ್ಳಿ ಈಗಿಲ್ಲ. ಸ್ಮಶಾನವೂ ನೆಲಸಮವಾಗಿ ಕಾಡು ಬೆಳೆದಿದೆ," ಎಂದು ಓದುವಷ್ಟರಲ್ಲಿ ಅವಳ ದನಿ ಕುಗ್ಗಿತು.

"ಖಲಾಸ್," ಎಂದರು ಸ್ತೆಫಾನ್. ಆಮೇಲೆ, "ಹೊಸ ಹಾಳೆ ಹಾಕು. ಯಾರ ಮನೆ ಎಲ್ಲಿತ್ತು ಅಂತ ಹೇಳ್ತೇನೆ. ಹಳ್ಳಿ ಇತ್ತು ಅನ್ನೋದಾದ್ರೂ ಉಳಿಯಲಿ," ಎಂದರು.

ಚರ್ಚಿನ ಪಕ್ಕದ ಕಮ್ಮಾರನಿಂದ ಶುರುಮಾಡಿ, ಹೊಳೆಯ ದಾರಿ ಹಿಡಿದು, ಒಂದೊಂದೇ ಮನೆ ಹೇಳುತ್ತ ಹೋದರು. "ಬಸ್ಸು ಹೋಗ್ತದೆ ಮಾರಾಯ್ತಿ!" ಎಂದು ಬಾಗಿಲಲ್ಲಿ ನಿಂತು ಕರೆದ ಗುಮಾಸ್ತ ದೇಜಪ್ಪನಿಗೆ, ನೀನು ಹೋಗು ಎಂದು ಅವಳು ಸನ್ನೆ ಮಾಡಿದಳು.

ಹನ್ನೊಂದನೆಯ ಮನೆಗೆ ಬಂದಾಗ ಅವರು ತಡವರಿಸಿದರು. "ಗಿರಣಿಯವನ ಮಗಳು. ಕೆಂಪು ಕೂದಲು. ರೈಲಿನಲ್ಲೇ ಜ್ವರ ಬಂದು ಹೋಗಿಬಿಟ್ಟಳು. ಅವಳ ಹೆಸರು..." ತುಟಿ ಎರಡು ಸಲ ಅಲುಗಿತು. ಪಟ್ಟಿ ಕಟ್ಟಿದ ಮುಖವನ್ನು ಸ್ವರ್ಣಲತಾಳತ್ತ ತಿರುಗಿಸಿ, ಕೇಳಲು ಬೇರೆ ಯಾರೂ ಉಳಿದಿಲ್ಲದವರ ಹಾಗೆ ಕೇಳಿದರು: "ಏನಮ್ಮಾ ಅವಳ ಹೆಸರು?"