ಕಾಶಿಯಲ್ಲಿ ಬಿಟ್ಟದ್ದು

ಹುರಿದ ಅಂಜಲ್ ಮೀನಿನ ತಟ್ಟೆ ಮೇಜಿನ ಮೇಲೆ ಬಂದು ಕೂತಾಗ ಆವಲಪ್ಪನಿಗೆ ಕಾಶಿ ನೆನಪಾಯಿತು. ಆ ಹೊತ್ತಿನಲ್ಲಿ ನೆನಪಾಗಬಾರದಿತ್ತು.

ಕಾಪು ಕಡಲತೀರದಲ್ಲಿ ಬೆಳಗ್ಗೆಯಿಂದ ನಡೆದು ನಡೆದು ಅವನ ಮೊಣಕಾಲು ಸೋತಿದ್ದವು. ಲೈಟ್‌ಹೌಸ್ ಇಲ್ಲೇ ಇದೆ ಎಂದು ಸೊಸೆ ಪ್ರಮೋದಾ ಹೊರಡಿಸಿದ್ದಳು. ತನ್ನೂರು ಸಾಸಲಿನ ಹೊಲದಲ್ಲಾದರೆ ಕಣ್ಣಿಗೆ ಕಂಡದ್ದು ಕಾಲಿಗೂ ಸಿಗುತ್ತದೆ; ಇಲ್ಲಿ ಮರಳಿನಲ್ಲಿ ಹೆಜ್ಜೆ ಕಿತ್ತಿಟ್ಟಷ್ಟೂ ಆ ದೀಪದ ಕಂಬ ಅಷ್ಟೇ ದೂರ. ಮಗ ಅಶೋಕ ಕಾರು ತರಲು ಆಟೋ ಹಿಡಿದು ಹಿಂದಕ್ಕೆ ಹೋದ. ಆವಲಪ್ಪ, ಹೆಂಡತಿ ಮುತ್ತಮ್ಮ, ಸೊಸೆ ಮೂವರೂ ದಡದ ಹೋಟೆಲೊಂದಕ್ಕೆ ಬಂದು ಕುಸಿದು ಕೂತರು. ಪಕ್ಕದ ಮೇಜಿನವರ ತಟ್ಟೆ ನೋಡಿ, ನನಗೂ ಅದೇ ಇರಲಿ ಎಂದು ಹಸಿವಿನ ಭರದಲ್ಲಿ ಹೇಳಿದವನು ಆವಲಪ್ಪನೇ.

ಕಾಶಿಗೆ ಹೋದವರು ಇಷ್ಟದ ತಿನಿಸೊಂದನ್ನು ಅಲ್ಲಿ ಬಿಟ್ಟು ಬರಬೇಕು, ಮತ್ತೆ ಬದುಕಿರುವ ತನಕ ಮುಟ್ಟಬಾರದು. ಹೆಂಡತಿಯನ್ನೂ ಕರೆದುಕೊಂಡು ಊರವರ ಜೊತೆ ಹೋಗಿದ್ದ ಆವಲಪ್ಪ ಗಂಗೆಯಲ್ಲಿ ಮುಳುಗೆದ್ದು, ಎಲ್ಲರಿಗೂ ಕೇಳುವಂತೆ, ಸಮುದ್ರದ ಮೀನು ಬಿಟ್ಟೆ ಅಂದಿದ್ದ. ಸಾಸಲಿನವರು ತಿನ್ನುವುದು ಕೆರೆ ಮೀನು. ಸಮುದ್ರವೆಲ್ಲಿ, ಅವನೆಲ್ಲಿ? ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಐದಾರು ವರ್ಷದಿಂದ ಅರಳಿಕಟ್ಟೆಯಲ್ಲಿ ಹೇಳಿಕೊಂಡು ನಗುತ್ತಿದ್ದ. ನೀನು ಚಾಪೆ ಕೆಳಗೆ ತೂರಿದರೆ ದೇವರು ರಂಗೋಲಿ ಕೆಳಗೆ ತೂರುತ್ತಾನಂತೆ. ಈಗ ತೂರಿದ್ದ.

ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ಕರಿದ ಮೀನು ಮೂಗಿನ ಕೆಳಗೇ ಹಬೆಯಾಡುತ್ತಿತ್ತು. ಆವಲಪ್ಪ ನ್ಯಾಯ ಹುಡುಕತೊಡಗಿದ. ಒಮ್ಮೆಯೂ ತಿನ್ನದೇ ಇದ್ದದ್ದನ್ನು ಬಿಟ್ಟರೆ ಅದು ಬಿಟ್ಟ ಹಾಗಲ್ಲ. ಹಾಗಾದರೆ ಈಗ ತಿಂದರೂ ತಪ್ಪಲ್ಲ. ಮುತ್ತಮ್ಮ ಒಂದು ಸಲ ಹೂಂ ಅಂದರೆ ಸಾಕು, ಅರ್ಧ ಪಾಪ ಅವಳ ತಲೆಗೆ.

"ನೀನೇ ಹೇಳು ಕಣೆ. ಯಾರ್ ಏನ್ ಬಿಟ್ರು ಅಂತ ಆ ವಿಶ್ವನಾಥ ನೋಡ್ತಾ ಕೂತಿರ್ತಾನಾ? ನೀನೂ ಹಾಗಲಕಾಯೋ ಏನೋ ಬಿಟ್ಟಿರ್ತೀಯ."

ಮುತ್ತಮ್ಮ ಪಾದದ ಮರಳು ಕೊಡವಿಕೊಳ್ಳತೊಡಗಿದಳು. ಉತ್ತರ ಕೊಟ್ಟವಳು ಪ್ರಮೋದಾ, ಆ ಮನೆಯಲ್ಲಿ ಎರಡೇ ಎರಡು ಅವರೆ ಸುಗ್ಗಿ ಕಂಡವಳು.

"ಅತ್ತೆ ಅವರೆಕಾಯಿ ಬಿಟ್ಟಿದಾರೆ ಮಾವ. ನಿಮಗೆ ಗೊತ್ತಿಲ್ವಾ?"

ಮೀನಿನತ್ತ ಚಾಚಿದ್ದ ಆವಲಪ್ಪನ ಕೈ ಅಲ್ಲೇ ನಿಂತಿತು. ಸಾಸಲಿನಲ್ಲಿ ಹುಟ್ಟಿದವರು ಅವರೆಕಾಯಿ ಬಿಡುವುದುಂಟೇ? ಚಳಿ ಬಿತ್ತೆಂದರೆ ಮನೆಯಲ್ಲಿ ಬೇರೆ ಸಾರೇ ಇಲ್ಲ. ರಾಶಿ ಮುಂದಿಟ್ಟುಕೊಂಡು ಸುಲಿಯುವವಳು ಅವಳು, ನೆನೆಹಾಕಿ ಒಂದೊಂದೇ ಕಾಳು ಹಿತುಕುವವಳು ಅವಳು, ಸಾರು ಸುರಿದು ಇನ್ನೊಂದು ಮುದ್ದೆ ಇಕ್ಕುವವಳೂ ಅವಳೇ. ಅವಳ ತಟ್ಟೆಯಲ್ಲಿ ಏನಿರುತ್ತಿತ್ತು? ನೆನಪಿಗೆ ಬರಬೇಕಾದರೆ ಒಮ್ಮೆಯಾದರೂ ನೋಡಿರಬೇಕಲ್ಲ. ಅವನಿಗೆ ನಾಚಿಕೆಯಾಯಿತು. ಮೇಜಿನ ಮೇಲಿದ್ದ ಅವಳ ಹೆಬ್ಬೆರಳಿನ ಉಗುರಿಗೆ ಮೊನ್ನೆ ಸುಲಿದ ಕಾಯಿಯ ಕಪ್ಪು ಇನ್ನೂ ಅಂಟಿಕೊಂಡಿತ್ತು.

"ಒಂದ್ ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಇನ್ನೊಂದು ಮುದ್ದೆ ಹಾಕಿಸ್ಕೊತಿರ್ಲಿಲ್ಲ" ಎಂದಳು ಮುತ್ತಮ್ಮ.

ಆವಲಪ್ಪ ಮೀನಿನ ತಟ್ಟೆಯನ್ನು ಅವಳತ್ತ ತಳ್ಳಿ, ತನಗೆ ಅನ್ನ, ತಿಳಿಸಾರು ಸಾಕೆಂದ. ಮುತ್ತಮ್ಮ ಬೇಡ ಅನ್ನಲಿಲ್ಲ. ಅವಳು ಬಿಟ್ಟದ್ದು ಮೀನಲ್ಲವಲ್ಲ. ಮುಳ್ಳು ಬಿಡಿಸಿ, ಒಂದು ಚೂರು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಇನ್ನೊಂದು ಚೂರಿಗೆ ಕೈ ತಾನಾಗಿಯೇ ಹೋಯಿತು.

ಅನ್ನ ಬಂದು ಆರುತ್ತಿದ್ದರೂ ಆವಲಪ್ಪ ಕೈ ಹಾಕಲಿಲ್ಲ. ಇಷ್ಟವಾದದ್ದನ್ನು ತಿನ್ನುವಾಗ ಹೆಂಡತಿಯ ಮುಖ ಹೇಗಿರುತ್ತದೆ ಎಂಬುದನ್ನು ಅವನು ನೋಡಿದ್ದು ಅದೇ ಮೊದಲು.